ಹಳದಿ ಪಿನ್ನಿನ ವೈರು
ಅಪ್ಪನ ಸಿಡಿ ಪ್ಲೇಯರಿಂದ ಡ್ಯಾಕ್‌ಗೆ (ಡಿಜಿಟಲ್ ಸಿಗ್ನಲನ್ನ ಅನಲಾಗ್ ಸೌಂಡ್ ಸಿಗ್ನಲ್ ಮಾಡೋ ಡಬ್ಬ) ಒಂದು ಡಿಜಿಟಲ್ ಕೋಆಕ್ಸಿಯಲ್ ಕೇಬಲ್ ಬೇಕಿತ್ತು, ಬೆಂಗಳೂರಿನ ಎಸ್‌ಪಿ ರೋಡಲ್ಲಿ ಒಂದು ಅಂಗಡಿಯವ್ರು ಚಿನ್ನದ ಲೇಪನದ್ದು ತೋರ್ಸಿ ಇದ್ರಲ್ಲಿ ಬೇಸ್ ಜಾಸ್ತಿ ಬರುತ್ತೆ ಅಂದ್ರು, ರೇಟ್ ಕೇಳಿ ಸುಮ್ನೆ ವಾಪಸ್ ಬಂದೆ. ಮನೇಲಿ ಅಟ್ಟದ ಮೇಲಿನ ಡಬ್ಬದಲ್ಲಿ ಹಳೇ ಡಿವಿಡಿ ಪ್ಲೇಯರಿನ ಹಳದಿ ಪಿನ್ನಿನ ವಿಡಿಯೋ ವೈರ್ ಸಿಕ್ತು. ಅದ್ರ ಇಂಪೀಡೆನ್ಸೂ (ಸಿಗ್ನಲ್‌ಗೆ ಕೇಬಲ್ ಒಡ್ಡೋ ತಡೆ) 75 ಓಮ್, ಡಿಜಿಟಲ್ ಕೋಆಕ್ಸಿಯಲ್‌ಗೆ ಬೇಕಾಗಿರೋದೂ 75 ಓಮೇ. ಪಿನ್ ಮೇಲಿನ ಧೂಳು ಬಟ್ಟೇಲಿ ಒರೆಸಿ ಚುಚ್ಚಿದೆ, ಡ್ಯಾಕ್ ಮೇಲೆ ಸಿಡಿಯ ಸ್ಯಾಂಪಲ್ ರೇಟ್ 44.1 ಅಂತ ಬಂತು, ಹಾಡೂ ಬಂತು. ಒಳಗೆ ಹೋಗೋದು ಒಂದು-ಸೊನ್ನೆ ತಾನೇ, ಕೇಬಲ್ ಕೆಟ್ಟಿದ್ರೆ ಚಟ್ ಚಟ್ ಅನ್ನುತ್ತೆ ಇಲ್ಲಾ ಸೌಂಡೇ ಕಟ್ಟಾಗುತ್ತೆ, ಬೇಸ್ ಮಾತ್ರ ಕಮ್ಮಿಯಾಗೋದು ಅಂತಿಲ್ಲ. ಇದ್ರ ಬದಲು ಆಪ್ಟಿಕಲ್ ಕೇಬಲ್ (ಬೆಳಕಲ್ಲಿ ಸಿಗ್ನಲ್ ಕಳ್ಸೋದು) ತಗೊಳೋರು ತುದಿಯ ಪ್ಲಾಸ್ಟಿಕ್ ಕ್ಯಾಪ್ ತೆಗೀರಿ, ಚೂಪಾಗಿ ಮಡಚಬೇಡಿ. ಅಪ್ಪ ಕೇಬಲ್ ಬಗ್ಗೆ ಏನೂ ಕೇಳ್ಲಿಲ್ಲ, ಕಣ್ಮುಚ್ಚಿ ಕೂತು ಮೂರು ಹಾಡು ಕೇಳಿದ್ರು.