ಪ್ಯಾಕಿಂಗ್ ಹಾಕಿದ ಭಾನುವಾರ

ನಮ್ಮ ಭಾವನ ಮಾರುತಿ ಜಿಪ್ಸಿ ರಸ್ತೆಗಿಳಿಯುವ ಗಾಡಿಯಲ್ಲ. ತೀರ್ಥಹಳ್ಳಿ ಕಡೆಯ ಅವರ ತೋಟದ ಹಿಂದಿನ ಗುಡ್ಡ ಹತ್ತುವುದು, ಮಳೆಗಾಲದ ಕೆಸರಿನ ಸ್ಪರ್ಧೆಗಳಿಗೆ ಪಿಕಪ್ ಮೇಲೆ ಕೂತು ಹೋಗಿ, ಪಿಕಪ್ ಮೇಲೇ ವಾಪಸ್ ಬರುವುದು. ಅದರ ಸಂಚಾರ ಇಷ್ಟೇ. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಕೂರಿಸಿದ ಗಾಡಿಯನ್ನು ಸುಮ್ಮನೆ ರಸ್ತೆಗೆ ಬಿಟ್ಟರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಕಂಪನಿಯ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಾಯಿಸುವ ಹಾಗಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಕಾನೂನಿನ ವಿಷಯದಲ್ಲಿ ಭಾವ ಶಿಸ್ತಿನ ಮನುಷ್ಯರು. ಆಕ್ಸಿಲರೇಟರ್ ವಿಷಯದಲ್ಲಿ ಹಾಗೆ ಹೇಳಲಾರೆ.

ಏಪ್ರಿಲ್‌ನ ಆ ಭಾನುವಾರ ನಾವು ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನ ಒಂದು ಶೆಡ್ಡಿನಲ್ಲಿದ್ದೆವು. ಅಕ್ಕಪಕ್ಕದ ಷಟರ್‌ಗಳೆಲ್ಲ ಮುಚ್ಚಿದ್ದವು. ಎಂಜಿನ್ ಪೂರ್ತಿ ಬಿಚ್ಚಿ ಸ್ಟ್ಯಾಂಡಿಗೆ ಹಾಕಿತ್ತು. ಸಿಲಿಂಡರ್‌ಗಳಿರುವ ಬ್ಲಾಕ್, ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ ಎರಡೂ ಫೇಸಿಂಗ್, ಅಂದರೆ ಮೇಲ್ಮೈ ಸಮತಟ್ಟು ಮಾಡುವ ಕೆಲಸ, ಮುಗಿಸಿಕೊಂಡು ಲೇತ್‌ನಿಂದ ಹಿಂದಿನ ಸಂಜೆ ಬಂದಿದ್ದವು. ಟರ್ಬೊ ಒಂದು ಮೂಲೆಯಲ್ಲಿ ಗೋಣಿಚೀಲದ ಮೇಲೆ ಕೂತಿತ್ತು. ಅವತ್ತಿನ ಕೆಲಸ ಎರಡರ ನಡುವೆ ಸೋರದಂತೆ ತಡೆಯುವ ಹೆಡ್ ಪ್ಯಾಕಿಂಗ್ (ಗ್ಯಾಸ್ಕೆಟ್) ಇಟ್ಟು ಹೆಡ್ ಕೂರಿಸುವುದು, ಅಷ್ಟೇ. ಅಷ್ಟಕ್ಕೇ ಇಡೀ ದಿನ ಹಿಡಿಯಿತು, ಅದರಲ್ಲಿ ಅರ್ಧ ವಾದಕ್ಕೆ.

ವಾದ ಶುರುಮಾಡಿದ್ದು ಭಾವ. "ಎರಡು ಪ್ಯಾಕಿಂಗ್ ಒಂದ್ರ ಮೇಲೊಂದು ಹಾಕಿದ್ರೆ ಕಂಪ್ರೆಷನ್ ಇಳೀತದಂತೆ ಮಾರಾಯ. ಟರ್ಬೊಗೆ ಅದೇ ಬೇಕಲ್ಲ?"

ಶೆಡ್ಡಿನ ಹಿರಿಯ ಮೆಕ್ಯಾನಿಕ್ ಉಸ್ತಾದ್ ತಲೆ ಎತ್ತದೆ, "ಗೌಡ್ರೆ, ಎರಡು ಪ್ಯಾಕಿಂಗ್ ಅಂದ್ರೆ ಲೀಕ್ ಆಗಕ್ಕೆ ಎರಡು ದಾರಿ" ಅಂದರು.

ಭಾವ ಹೇಳಿದ್ದರಲ್ಲಿ ಅರ್ಧ ನಿಜ. ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ಕಂಪ್ರೆಷನ್ ಅನುಪಾತ, ಅಂದರೆ ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವ ಲೆಕ್ಕ, ಸ್ವಲ್ಪ ಕಡಿಮೆ ಇದ್ದರೆ ಒಳ್ಳೆಯದೇ. ಆದರೆ ಅದನ್ನು ದಪ್ಪ ಪ್ಯಾಕಿಂಗ್‌ನಿಂದ ಸಾಧಿಸಲು ಹೋದರೆ, ಪಿಸ್ಟನ್ ಮೇಲೆ ಬಂದಾಗ ಅದರ ಅಂಚಿಗೂ ಹೆಡ್ಡಿಗೂ ನಡುವೆ ಉಳಿಯುವ ಸಣ್ಣ ಸಂದು ದೊಡ್ಡದಾಗುತ್ತದೆ. ಆ ಸಂದು ಕಿರಿದಾಗಿರುವುದಕ್ಕೆ ಕಾರಣವಿದೆ. ಅಲ್ಲಿನ ಮಿಶ್ರಣ ಜೋರಾಗಿ ಒಳಕ್ಕೆ ತಳ್ಳಲ್ಪಟ್ಟು ಕಲಕುತ್ತದೆ, ಬೇಗ ಮತ್ತು ಸಮನಾಗಿ ಉರಿಯುತ್ತದೆ. ಸಂದು ಅಗಲವಾದರೆ ಅಂಚಿನಲ್ಲಿ ಉಳಿದ ಮಿಶ್ರಣ ಕಾದು, ಬೆಂಕಿಯ ಅಲೆ ಬರುವ ಮೊದಲೇ ತಾನೇ ಸಿಡಿಯಬಹುದು. ನಾಕಿಂಗ್ ಅಂದರೆ ಅದೇ. ನಾಕಿಂಗ್ ತಪ್ಪಿಸಲೆಂದು ಮಾಡಿದ ಉಪಾಯವೇ ನಾಕಿಂಗ್ ತರಬಹುದು. ಪಿಸ್ಟನ್ ಬದಲಿಸುವುದು ಸರಿಯಾದ ದಾರಿ, ಆದರೆ ಅದಕ್ಕೆ ದುಡ್ಡು ಬೇಕು. ಕೊನೆಗೆ ಹಳೆ ಪಿಸ್ಟನ್ ಇಟ್ಟುಕೊಂಡು ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, 0.4 ಬಾರ್‌ಗೆ ಕಟ್ಟಿಹಾಕುವುದು ಎಂದು ತೀರ್ಮಾನವಾಯಿತು. ಭಾವನ ಮುಖ ಸಪ್ಪಗಾಯಿತು.

ಗ್ಯಾರೇಜುಗಳಲ್ಲಿ "ಪ್ಯಾಕಿಂಗ್ ಹೋಯ್ತು" ಅನ್ನುತ್ತಾರೆ. ಕೇಳಿದವರು ತಕ್ಷಣ ಇನ್ನೂ ಗಟ್ಟಿ ಪ್ಯಾಕಿಂಗ್ ಎಲ್ಲಿ ಸಿಗುತ್ತದೆ ಎಂದು ಹುಡುಕುತ್ತಾರೆ. ನನಗೆ ಇದು ತಲೆಕೆಳಗಾದ ಹುಡುಕಾಟ ಅನಿಸುತ್ತದೆ. ಮಾರ್ಪಡಿಸಿದ ಎಂಜಿನ್ನಿನಲ್ಲಿ ಪ್ಯಾಕಿಂಗ್ ತಾನಾಗಿ ಸಾಯುವುದು ಅಪರೂಪ. ಹೆಡ್ ಮೇಲೆದ್ದಿರುತ್ತದೆ, ಇಲ್ಲವೇ ಕಾದು ಸೊಟ್ಟಗಾಗಿರುತ್ತದೆ, ಇಲ್ಲವೇ ನಾಕಿಂಗ್‌ನ ಏಟು ಬಿದ್ದು ಬಿದ್ದು ಸಿಲಿಂಡರ್ ಸುತ್ತಲಿನ ಉಂಗುರ ಒಡೆದಿರುತ್ತದೆ. ಇದನ್ನು ಹೇಳಿದಾಗ ಭಾವ ಒಂದೇ ಮಾತಿನಲ್ಲಿ ಮುಗಿಸಿದರು: "ಗದ್ದೆ ಅಂಚು ಒಡೀತು ಅಂತ ಅಂಚಿಗೆ ಬೈದ್ರೆ ಎಂತ ಬಂತು, ಮೇಲಿಂದ ನೀರು ಬಿಟ್ಟೋನು ಯಾರು ನೋಡ್ಬೇಕು." ಅವರಿಗೆ ಅರ್ಥವಾಗಿತ್ತು, ಬೂಸ್ಟ್ ಮೇಲಿನ ಆಸೆ ಮಾತ್ರ ಹೋಗಿರಲಿಲ್ಲ.

ಹೆಡ್ ಮೇಲೇಳುವ ಲೆಕ್ಕ ನಾನೇ ಹಾಕಿ ತೋರಿಸಿದೆ. ಜಿಪ್ಸಿಯ 1298 ಸಿಸಿ ಎಂಜಿನ್ನಿನ ಬೋರ್ 74 ಮಿಲಿಮೀಟರ್. ಅಂದರೆ ಒಂದು ಸಿಲಿಂಡರಿನ ಬಾಯಿಯ ವಿಸ್ತೀರ್ಣ 43 ಚದರ ಸೆಂಟಿಮೀಟರ್. ಉರಿಯುವಾಗ ಒಳಗೆ 60 ಬಾರ್ ಒತ್ತಡ ಎದ್ದರೆ ಆ ಒಂದು ಸಿಲಿಂಡರ್ ಹೆಡ್ಡನ್ನು ಎರಡೂವರೆ ಟನ್‌ಗೂ ಹೆಚ್ಚು ಬಲದಿಂದ ಮೇಲಕ್ಕೆ ತಳ್ಳುತ್ತದೆ. ಟರ್ಬೊ ಸೇರಿ ಅದು 80 ಬಾರ್ ಆದರೆ ಮೂರೂವರೆ ಟನ್. ನಾಕಿಂಗ್ ಆದಾಗ ಒತ್ತಡ ಕ್ಷಣಮಾತ್ರಕ್ಕೆ ಇದನ್ನೂ ಮೀರಿ ಚಿಮ್ಮುತ್ತದೆ. ಇದನ್ನೆಲ್ಲ ತಡೆದು ಕೂತಿರುವುದು ಬೋಲ್ಟುಗಳು. ಹಾಗಾಗಿ ಪ್ಯಾಕಿಂಗ್‌ಗಿಂತ ಮೊದಲು, ಬೋಲ್ಟಿನ ಬದಲು ಬ್ಲಾಕಿಗೆ ತಿರುಗಿಸಿ ನಿಲ್ಲಿಸಿ ಮೇಲಿಂದ ನಟ್ ಹಾಕುವ ಗಟ್ಟಿ ಸ್ಟಡ್‌ಗಳನ್ನು ತರಿಸಿದ್ದೆವು. ಪ್ಯಾಕಿಂಗ್ ಕೂಡ ಹಳೆಯ ಕಾಂಪೋಸಿಟ್ ಅಲ್ಲ, ಉಕ್ಕಿನ ತಗಡುಗಳ ಪದರಗಳಿರುವ ಎಂಎಲ್‌ಎಸ್.

ಎಂಎಲ್‌ಎಸ್‌ಗೆ ಒಂದು ಹಠವಿದೆ. ಕಾಂಪೋಸಿಟ್ ಮೆತ್ತಗಿರುವುದರಿಂದ ಸಣ್ಣಪುಟ್ಟ ಗೀರುಗಳನ್ನು ತುಂಬಿಕೊಂಡುಬಿಡುತ್ತದೆ. ಉಕ್ಕು ತುಂಬಿಕೊಳ್ಳುವುದಿಲ್ಲ, ಅದಕ್ಕೆ ಮೇಲ್ಮೈ ನಯವಾಗಿಯೇ ಇರಬೇಕು. ಉಸ್ತಾದ್ ಹೆಡ್ಡಿನ ಮೇಲೆ ಉಗುರು ಎಳೆದು ನೋಡಿದರು, ತಡೆಯಲಿಲ್ಲ. ಆಮೇಲೆ ಸ್ಟ್ರೇಟ್ ಎಡ್ಜ್ ಇಟ್ಟು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಫೀಲರ್ ಗೇಜ್ ತೂರಿಸಿ ನೋಡುತ್ತಾ ಹೋದರು. ಈ ಹೆಡ್ಡಿಗೆ ಒಪ್ಪಿಗೆಯಿರುವ ಡೊಂಕು 0.05 ಮಿಲಿಮೀಟರ್. ಆ ತೆಳು ಪಟ್ಟಿ ಎಲ್ಲಿಯೂ ಒಳಗೆ ಹೋಗಲಿಲ್ಲ. ಬ್ಲಾಕಿಗೂ ಅದೇ ಪರೀಕ್ಷೆ. ಹೆಡ್ಡನ್ನು ಮಾತ್ರ ಫೇಸಿಂಗ್ ಮಾಡಿಸಿ ಬ್ಲಾಕನ್ನು ಹಾಗೇ ಬಿಡುವವರೇ ಹೆಚ್ಚು. ಪ್ಯಾಕಿಂಗ್‌ಗೆ ಎರಡು ಮುಖ ಇರುವುದು ಅವರಿಗೆ ನೆನಪಿರುವುದಿಲ್ಲವೋ ಏನೋ.

ಅಷ್ಟರಲ್ಲಿ ಶೆಡ್ಡಿನ ಹುಡುಗ ಉತ್ಸಾಹದಿಂದ ಗ್ರೈಂಡರಿಗೆ ಉಜ್ಜುವ ಪ್ಯಾಡ್ ಸಿಕ್ಕಿಸಿಕೊಂಡು ಬಂದ, ಬ್ಲಾಕ್ ಇನ್ನಷ್ಟು ಹೊಳೆಯಲಿ ಎಂದು. ಉಸ್ತಾದ್ ಅವನ ಕೈಯಿಂದ ಅದನ್ನು ಕಿತ್ತುಕೊಂಡೇ ಬಿಟ್ಟರು. ಆ ಪ್ಯಾಡಿನಿಂದ ಉದುರುವ ಪುಡಿ ಆಯಿಲ್ ದಾರಿಯೊಳಗೆ ಇಳಿದರೆ ಬೇರಿಂಗ್‌ಗಳ ಕಥೆ ಮುಗಿಯಿತು. ಅದೂ ಅಲ್ಲದೆ ಅಲ್ಯೂಮಿನಿಯಂ ಮೇಲೆ ಕೈಯಲ್ಲಿ ಉಜ್ಜಿದರೆ ಹೊಳಪಿನ ಜೊತೆ ತಗ್ಗೂ ಬೀಳುತ್ತದೆ.

ಹುಡುಗನಿಗೆ ಬೇರೆ ಕೆಲಸ ಸಿಕ್ಕಿತು: ಸ್ಟಡ್ ಕೂರುವ ತೂತುಗಳನ್ನು ಶುಚಿ ಮಾಡುವುದು. ನೋಡಲು ಸಣ್ಣ ಕೆಲಸ, ಆದರೆ ನನ್ನ ಲೆಕ್ಕದಲ್ಲಿ ಅವತ್ತಿನ ಅತಿ ಮುಖ್ಯ ಕೆಲಸ ಅದೇ. ತಳ ಮುಚ್ಚಿದ ತೂತಿನಲ್ಲಿ ಆಯಿಲೋ ನೀರೋ ನಿಂತಿದ್ದರೆ ಸ್ಟಡ್ ಪೂರ್ತಿ ಇಳಿದು ಕೂರುವುದಿಲ್ಲ; ಬೋಲ್ಟ್ ಆದರೆ ಅದರ ಮೇಲೇ ಒತ್ತಿ ನಿಲ್ಲುತ್ತದೆ. ಬಿಗಿ ಅಳೆಯುವ ಟಾರ್ಕ್ ರೆಂಚ್ ಟಕ್ ಅನ್ನುತ್ತದೆ, ನಾವು ಬಿಗಿಯಾಯಿತು ಅಂದುಕೊಳ್ಳುತ್ತೇವೆ, ಹೆಡ್ ಸಡಿಲವಾಗಿಯೇ ಇರುತ್ತದೆ. ಕೆಲವೊಮ್ಮೆ ಬ್ಲಾಕೇ ಸೀಳುತ್ತದೆ. ಟಾರ್ಕ್ ಅಂದರೆ ನಾವು ತಿರುಗಿಸಿದ ಬಲ ಮಾತ್ರ. ಅದರಲ್ಲಿ ಸುಮಾರು ನೂರಕ್ಕೆ ತೊಂಬತ್ತು ಪಾಲು ನಟ್ಟಿನ ಅಡಿಯ ಮತ್ತು ಥ್ರೆಡ್ಡಿನ ಘರ್ಷಣೆಗೇ ಹೋಗಿ, ಉಳಿದ ಹತ್ತು ಪಾಲು ಸ್ಟಡ್ಡನ್ನು ಎಳೆದು ಹಿಡಿಯುತ್ತದೆ. ತುಕ್ಕು, ಕೊಳೆ ಇದ್ದರೆ ಆ ಹತ್ತರಲ್ಲೂ ಕಳ್ಳತನ. ಅದಕ್ಕೇ ಸ್ಟಡ್ ಜೊತೆ ಬಂದ ಗ್ರೀಸ್ ಹಚ್ಚಿ, ಆ ಗ್ರೀಸಿಗೆಂದು ಕೊಟ್ಟ ಅಂಕಿಗೇ ಬಿಗಿ ಮಾಡಬೇಕು. ಕಂಪನಿ ಬೋಲ್ಟಿನ ಅಂಕಿ ಇದಕ್ಕೆ ಹೊಂದುವುದಿಲ್ಲ. ನಡುವಿನಿಂದ ಶುರುಮಾಡಿ ಹೊರಕ್ಕೆ, ಮೂರು ಹಂತದಲ್ಲಿ ಉಸ್ತಾದ್ ಬಿಗಿ ಮಾಡಿದರು. ಪ್ರತಿ ಹಂತಕ್ಕೂ ಸೀಮೆಸುಣ್ಣದ ಗುರುತು. ಆಗ ಶೆಡ್ಡಿನಲ್ಲಿ ಯಾರೂ ಮಾತಾಡುವ ಹಾಗಿರಲಿಲ್ಲ. ಭಾವನಿಗೆ ಫೋನ್ ಬಂದರೆ ಹೊರಗೆ ಹೋಗಬೇಕಿತ್ತು.

ಇನ್ನೊಂದು ವಾದ ಥರ್ಮೋಸ್ಟಾಟಿನದು, ಎಂಜಿನ್ ಕಾಯುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ವಾಲ್ವ್ ಅದು. ನಮ್ಮ ಕಡೆ ಗಾಡಿ ಸ್ವಲ್ಪ ಬಿಸಿಯಾದರೆ ಸಾಕು, "ಥರ್ಮೋಸ್ಟಾಟ್ ವಾಲ್ವ್ ಕಿತ್ತು ಬಿಸಾಕಿ" ಅನ್ನುವ ಸಲಹೆ ನಾಲ್ಕು ದಿಕ್ಕಿನಿಂದಲೂ ಬರುತ್ತದೆ. ಈ ಸಲಹೆ ಕೇಳಿದರೆ ನನಗೆ ಮೈ ಉರಿಯುತ್ತದೆ. ಅದು ಇಲ್ಲದಿದ್ದರೆ ಎಂಜಿನ್ ಬೆಳಿಗ್ಗೆ ಬೇಗ ಕಾಯುವುದಿಲ್ಲ, ಆಗುಂಬೆ ಕಡೆಯ ಮಳೆಯಲ್ಲಂತೂ ಕೇಳುವುದೇ ಬೇಡ. ತಣ್ಣಗಿನ ಎಂಜಿನ್ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಬಿಸಿಯ ಮೂಲ ಮಾತ್ರ ಹಾಗೇ ಉಳಿದಿರುತ್ತದೆ. ಜಿಪ್ಸಿಯಲ್ಲಿ ಆ ಮೂಲ ರೇಡಿಯೇಟರಿನ ಮುಂದೆಯೇ ಕಾಣುತ್ತಿತ್ತು. ಜಾಲರಿ ತುಂಬ ಒಣಗಿದ ಕೆಂಪು ಮಣ್ಣು, ಅದರಲ್ಲಿ ತರಗೆಲೆ. ಹುಡುಗ ಹಿಂದಿನಿಂದ ಮುಂದಕ್ಕೆ ನೀರು ಬಿಟ್ಟು ತೊಳೆದಾಗ ಅಂಗಳವೆಲ್ಲ ಕೆಂಪಾಯಿತು. ಹೊಸ ವಾಟರ್ ಬಾಡಿ (ವಾಟರ್ ಪಂಪ್), ಹೊಸ ಹೋಸ್, ಹೊಸ ಮುಚ್ಚಳ ಹಾಕಿದೆವು. ಮುಚ್ಚಳ ಕೂಡ ಮುಖ್ಯವೇ. 0.9 ಬಾರ್ ಒತ್ತಡ ಹಿಡಿದಿಟ್ಟರೆ ನೀರು ಕುದಿಯುವುದು 120 ಡಿಗ್ರಿಯ ಹತ್ತಿರ; ಮುಚ್ಚಳದ ರಬ್ಬರ್ ಹೋಗಿದ್ದರೆ 100ಕ್ಕೇ ಕುದಿದು, ಹೆಡ್ಡಿನೊಳಗೆ ಅಲ್ಲಲ್ಲಿ ಆವಿಯ ಗುಳ್ಳೆ ಕಟ್ಟುತ್ತದೆ. ಹಳ್ಳದ ನೀರು ತುಂಬುವ ಚಾಳಿಯನ್ನೂ ಭಾವ ಬಿಡಬೇಕಾಯಿತು. ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್.

ಆ ವಾರದಲ್ಲೇ ಟರ್ಬೊ, ಅದರ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರ್ ಕೂತವು. ಅದರಲ್ಲಿ ಹೇಳುವಂಥದ್ದೇನೂ ಇಲ್ಲ, ಪೈಪು, ಕ್ಲಾಂಪು, ಬೈಗುಳ. ಮುಂದಿನ ಭಾನುವಾರ ಗಾಡಿ ಪಿಕಪ್ ಏರಿ ತೋಟಕ್ಕೆ ಹೋಯಿತು. ಟ್ಯೂನಿಂಗ್ ಮಾಡುವ ಹುಡುಗ ಲ್ಯಾಪ್‌ಟಾಪ್ ಜೊತೆ ಒಂದು ತಾಮ್ರದ ಪೈಪನ್ನೂ ತಂದಿದ್ದ. ಫ್ರಿಜ್ ರಿಪೇರಿಯವರ ಹತ್ತಿರ ಸಿಗುತ್ತದಲ್ಲ, ಅಂಥದ್ದು. ಅದರ ತುದಿ ಬಡಿದು ಚಪ್ಪಟೆ ಮಾಡಿ ಬ್ಲಾಕಿಗೆ ಬೋಲ್ಟ್ ಹಾಕಿದ, ಇನ್ನೊಂದು ತುದಿಗೆ ರಬ್ಬರ್ ನಳಿಕೆ ಸಿಕ್ಕಿಸಿ, ಅದನ್ನು ಕಿವಿ ಮುಚ್ಚುವ ಇಯರ್ ಮಫ್‌ಗೆ ಸೇರಿಸಿದ. ಎಂಜಿನ್ನಿನ ಒಳಗೆ ನಾಕಿಂಗ್ ಆದರೆ ಕಿವಿಯಲ್ಲಿ ಟಕಟಕ ಅಂತ ಸ್ಪಷ್ಟವಾಗಿ ಕೇಳುತ್ತದೆ. ಭಾವ ಅದನ್ನು ಹಾಕಿಕೊಂಡು ಒಂದು ಸುತ್ತು ಬಂದು, "ಡಾಕ್ಟ್ರು ಆದಂಗಾಯ್ತು" ಅಂದರು.

ಟೈಮಿಂಗ್ ವಿಷಯದಲ್ಲಿ ಟ್ಯೂನರ್‌ಗಳ ಅಂದಾಜು ಒಂದಿದೆ: ಒಂದು ಪಿಎಸ್‌ಐ ಬೂಸ್ಟಿಗೆ ಸುಮಾರು ಒಂದು ಡಿಗ್ರಿ ಸ್ಪಾರ್ಕ್ ತಡವಾಗಬೇಕು. 0.4 ಬಾರ್ ಅಂದರೆ ಹತ್ತಿರ ಹತ್ತಿರ ಆರು ಪಿಎಸ್‌ಐ. ಹುಡುಗ ಆರು ಡಿಗ್ರಿಯಿಂದ ಶುರುಮಾಡಿದ. ಪೆಟ್ರೋಲಿನ ಲೆಕ್ಕವನ್ನೂ ಹೊಸದಾಗಿ ಹಾಕಬೇಕಿತ್ತು. ಈಗಿನ ಪೆಟ್ರೋಲಿನಲ್ಲಿರುವ ಎಥೆನಾಲ್ ನಾಕಿಂಗ್ ತಡೆಯಲು ಒಳ್ಳೆಯದೇ, ಆದರೆ ಉರಿಯಲು ಅದಕ್ಕೆ ಬೇರೆ ಅಳತೆ. ಶುದ್ಧ ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕಾದರೆ ಎಥೆನಾಲಿಗೆ 9 ಸಾಕು. ಇಂಜೆಕ್ಟರ್ ಹಳೆಯ ಲೆಕ್ಕದಲ್ಲೇ ಪೆಟ್ರೋಲ್ ಚಿಮ್ಮಿಸಿದರೆ ಮಿಶ್ರಣ ತೆಳುವಾಗಿ, ಬೂಸ್ಟ್ ಬಂದಾಗ ಬಿಸಿ ಏರುತ್ತದೆ.

ಗುಡ್ಡದ ದಾರಿಯಲ್ಲಿ ಒಂದು ಜಾಗವಿದೆ, ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ ಗೇರು) ಹಾಕದೆ ಹತ್ತುವುದಿಲ್ಲ. ಗಾಡಿ ನಡಿಗೆಯ ವೇಗದಲ್ಲಿ, ಎಂಜಿನ್ ಮಾತ್ರ ಕೂಗುತ್ತಾ ಹೋಗಬೇಕು. ಹೆಡ್ ಪ್ಯಾಕಿಂಗ್‌ಗೆ ಇದಕ್ಕಿಂತ ಕಷ್ಟದ ಪರೀಕ್ಷೆ ಇಲ್ಲ. ಹೆದ್ದಾರಿಯಲ್ಲಾದರೆ ಗಾಳಿ ಬಡಿಯುತ್ತದೆ, ಇಲ್ಲಿ ಫ್ಯಾನ್ ಎಳೆದಷ್ಟೇ ಗಾಳಿ. ಅಲ್ಲೇ ಹುಡುಗನ ಕಿವಿಗೆ ಟಕಟಕ ಬಿತ್ತು. ಕೈ ಎತ್ತಿದ, ಭಾವ ಕಾಲು ತೆಗೆದರು. ಇನ್ನೆರಡು ಡಿಗ್ರಿ ತಡಮಾಡಿದ. ಮತ್ತೆ ಹತ್ತಿದಾಗ ಸದ್ದಿಲ್ಲ. ಕೂಲಂಟ್ ಬಿಸಿ 88ರಿಂದ ಏರುತ್ತಾ ತುದಿ ಮುಟ್ಟುವಾಗ 103 ತೋರಿಸಿತು. ಇದನ್ನು ಓದಿದ್ದು ನಾವೇ ಹಾಕಿದ ಡಿಜಿಟಲ್ ಮೀಟರಿನಲ್ಲಿ. ಡ್ಯಾಶ್‌ಬೋರ್ಡಿನ ಮುಳ್ಳು ಅಲ್ಲಿಯವರೆಗೂ ನಡುವಿನಲ್ಲೇ ಹಾಯಾಗಿ ನಿಂತಿತ್ತು. ಕೂಲಂಟ್ ಸೋರಿ ಸೆನ್ಸರ್ ಗಾಳಿಯಲ್ಲಿ ನಿಂತರಂತೂ ಯಾವ ಮೀಟರಿನ ಮಾತೂ ನಂಬುವಂತಿಲ್ಲ. ಹಾಗಾಗಿ ರಿಸರ್ವ್ ಟ್ಯಾಂಕಿನ ಮಟ್ಟಕ್ಕೂ ಪೆನ್ನಿನಲ್ಲಿ ಗೆರೆ ಎಳೆದಿದ್ದೆವು.

ಮೇಲೆ ಹೋದ ಕೂಡಲೇ ಕೀ ತಿರುಗಿಸಲು ಉಸ್ತಾದ್ ಬಿಡಲಿಲ್ಲ. ಫ್ಯಾನ್ ಓಡುತ್ತಾ ಐಡಲಿಂಗ್‌ನಲ್ಲಿ ಬಿಸಿ ಇಳಿದ ಮೇಲೆಯೇ ಆಫ್. ಪೂರ್ತಿ ತಣ್ಣಗಾದ ಮೇಲೆ ಕೂಲಂಟನ್ನು ಸ್ವಲ್ಪ ಇಳಿಸಿ, ಎಂಜಿನ್ ಮತ್ತೆ ಚಾಲೂ ಮಾಡಿ, ರೇಡಿಯೇಟರ್ ಬಾಯಿಗೆ ನೀಲಿ ದ್ರವದ ಗಾಜಿನ ನಳಿಕೆ ಇಟ್ಟು ರಬ್ಬರ್ ಉಂಡೆ ಒತ್ತಿದರು. ಸಿಲಿಂಡರಿನ ಹೊಗೆ ಕೂಲಂಟಿಗೆ ಸೋರುತ್ತಿದ್ದರೆ ನೀಲಿ ಹಳದಿಯಾಗುತ್ತದೆ. ನಾವೆಲ್ಲ ಬಗ್ಗಿ ನೋಡಿದೆವು. ನೀಲಿ ನೀಲಿಯಾಗಿಯೇ ಇತ್ತು. ಟ್ಯಾಂಕಿನ ಮಟ್ಟವೂ ಗೆರೆಯಲ್ಲೇ.

ಭಾವ ಇದಕ್ಕೇ ಕಾಯುತ್ತಿದ್ದರು. "ಹಂಗಾದ್ರೆ 0.6 ಮಾಡ್ಬಹುದಲ್ಲ?"

ಟ್ಯೂನಿಂಗ್ ಹುಡುಗ ನನ್ನ ಮುಖ ನೋಡಿದ, ನಾನು ಉಸ್ತಾದ್ ಮುಖ ನೋಡಿದೆ. ಅವರು ಗಾಜಿನ ನಳಿಕೆಯನ್ನು ಬಟ್ಟೆಯಲ್ಲಿ ಸುತ್ತುತ್ತಾ ಹೇಳಿದರು: "ಮಾಡ್ಬಹುದು ಗೌಡ್ರೆ. 103 ಬಂತಲ್ಲ, ಅದನ್ನ 95ಕ್ಕೆ ಇಳಿಸಿ ಮೊದ್ಲು. ಡಬಲ್ ಕೋರ್ ರೇಡಿಯೇಟರ್, ಫ್ಯಾನಿಗೆ ಸುತ್ತ ಶ್ರೌಡ್. ಆಮೇಲೆ ಪಿಸ್ಟನ್. ಆಮೇಲೆ ಬೂಸ್ಟ್."

"ಅದೆಲ್ಲ ಎಷ್ಟಾಗ್ತದೆ?"

ಉಸ್ತಾದ್ ಹೇಳಿದ ಮೊತ್ತ ಕೇಳಿ ಭಾವ ಈ ವರ್ಷದ ಅಡಿಕೆ ರೇಟಿನ ಮಾತು ತೆಗೆದರು. ರೇಡಿಯೇಟರಿಗೆ ಮಾತ್ರ ಅವತ್ತೇ ಅಡ್ವಾನ್ಸ್ ಕೊಟ್ಟರು.