ರಾಯ್ಸ್ ಮನೆತನ: ಗಂಡುಮಕ್ಕಳೆಲ್ಲ ಹೈನ್ರಿಖ್, ಕಥೆಯೆಲ್ಲ ಹೆಣ್ಣುಮಕ್ಕಳದು

ವಂಶಾವಳಿ ಬರೆಯುವ ಹುಚ್ಚು ಇರುವವರು ಒಮ್ಮೆಯಾದರೂ ಜರ್ಮನಿಯ ರಾಯ್ಸ್ ಮನೆತನದ ಪಟ್ಟಿ ಬಿಚ್ಚಿ ನೋಡಬೇಕು. ಅಲ್ಲಿ ಹುಟ್ಟಿದ ಗಂಡುಮಕ್ಕಳೆಲ್ಲರ ಹೆಸರೂ ಹೈನ್ರಿಖ್. ಅಪ್ಪ, ಮಗ, ಅಣ್ಣ, ತಮ್ಮ, ಚಿಕ್ಕಪ್ಪ, ಎಲ್ಲರೂ! ನಮ್ಮಲ್ಲಿ ಮೊಮ್ಮಗನಿಗೆ ತಾತನ ಹೆಸರು ಇಡುತ್ತಾರೆ, ನಡುವೆ ಒಂದು ತಲೆಮಾರಿಗಾದರೂ ಬಿಡುವು ಸಿಗುತ್ತದೆ. ಇಲ್ಲಿ ಅದೂ ಇಲ್ಲ.

ಮೂಲ ಊರು ಥ್ಯೂರಿಂಗಿಯಾದ ವೈಡಾ. ಜರ್ಮನ್ ಚಕ್ರವರ್ತಿಯ ಪರವಾಗಿ ಅಲ್ಲಿನ ಸೀಮೆಯನ್ನು ನೋಡಿಕೊಳ್ಳುತ್ತಿದ್ದ ಅಧಿಕಾರಿಗಳು ಇವರು. ಆ ಅಧಿಕಾರಕ್ಕೆ ಫೋಗ್ಟ್ ಎಂದು ಹೆಸರು, ಅದರಿಂದಲೇ ಆ ಪ್ರದೇಶ ಇವತ್ತಿಗೂ ಫೋಗ್ಟ್‌ಲಾಂಟ್. ತಮಗೆ ಉಪಕಾರ ಮಾಡಿದ ಚಕ್ರವರ್ತಿ ಆರನೇ ಹೈನ್ರಿಖ್‌ನ ನೆನಪಿಗೆ ಈ ಹೆಸರು ಹಿಡಿದರು ಎಂದು ಮನೆತನದವರು ಹೇಳಿಕೊಂಡು ಬಂದಿದ್ದಾರೆ. ಆತ ತೀರಿಕೊಂಡಿದ್ದು 1197ರಲ್ಲಿ. ಋಣ ತೀರಿಸುವುದು ಇನ್ನೂ ಮುಗಿದಿಲ್ಲ.

1564ರಲ್ಲಿ ಮೂವರು ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಂಡರು. ಹಿರಿಯ, ನಡು, ಕಿರಿಯ ಎಂದು ಮೂರು ಶಾಖೆಯಾಯಿತು. ನಡುವಿನದು 1616ಕ್ಕೇ ಮುಗಿಯಿತು. ಗ್ರೈಟ್ಸ್ ಊರು ಹಿರಿಯರದು, ಗೇರಾ ಕಿರಿಯರದು. ಹೋದ ವರ್ಷ ಮಗಳ ಮನೆಗೆಂದು ಯೇನಾಕ್ಕೆ ಹೋದಾಗ ಗ್ರೈಟ್ಸ್‌ಗೂ ಹೋಗಿ ಬಂದೆ. ಎಲ್ಸ್ಟರ್ ನದಿಯ ಕಣಿವೆಯಲ್ಲಿ ಸಣ್ಣ ಊರು. ಗುಡ್ಡದ ಮೇಲೊಂದು ಅರಮನೆ, ಕೆಳಗೆ ನದಿ ಪಕ್ಕ ಇನ್ನೊಂದು. ಅಷ್ಟು ಚಿಕ್ಕ ಊರಿಗೆ ಎರಡು ಅರಮನೆ ಯಾಕೆ ಅಂದರೆ ಹಿರಿಯ ಶಾಖೆಯಲ್ಲೂ ಪಾಲಾಗಿತ್ತು. ಮೇಲಿನ ಗ್ರೈಟ್ಸ್ ಒಬ್ಬರಿಗೆ, ಕೆಳಗಿನ ಗ್ರೈಟ್ಸ್ ಇನ್ನೊಬ್ಬರಿಗೆ.

ಹೆಸರು ಒಂದೇ ಆದ ಮೇಲೆ ನಂಬರೇ ಗತಿ. ಪಟ್ಟಕ್ಕೆ ಬಂದವರಿಗಷ್ಟೇ ಅಲ್ಲ, ಹುಟ್ಟಿದ ಪ್ರತಿ ಗಂಡುಮಗುವಿಗೂ ನಂಬರು. ಹಿರಿಯ ಶಾಖೆಯವರು ನೂರರ ತನಕ ಎಣಿಸಿ ಮತ್ತೆ ಒಂದರಿಂದ ಶುರು ಮಾಡಬೇಕಿತ್ತು. ಕಿರಿಯರು ಶತಮಾನ ಬದಲಾದ ಮೇಲೆ ಹೊಸದಾಗಿ ಎಣಿಸುತ್ತಾರೆ. 1801ರಲ್ಲಿ ಎಳೆಗೂಸಾಗಿಯೇ ತೀರಿಹೋದ ಒಂದು ಮಗು ಎಪ್ಪತ್ತೈದನೇ ಹೈನ್ರಿಖ್. ವಂಶಾವಳಿ ಬರೆಯುವವರು ಸಿಕ್ಕಿಬೀಳುವುದು ಇಲ್ಲೇ. ಇಪ್ಪತ್ನಾಲ್ಕನೇ ಹೈನ್ರಿಖ್ ಅಂತ ಒಂದೇ ಕಾಲಕ್ಕೆ ಇಬ್ಬರಿದ್ದರು. ಒಬ್ಬ 1855ರಲ್ಲಿ ಕಿರಿಯ ಶಾಖೆಯಲ್ಲಿ ಹುಟ್ಟಿದ ಸಂಗೀತ ರಚನೆಕಾರ, ಇನ್ನೊಬ್ಬ 1878ರಲ್ಲಿ ಹುಟ್ಟಿದ ಗ್ರೈಟ್ಸ್‌ನ ರಾಜಕುಮಾರ. ಬರೀ ನಂಬರು ಬರೆದಿಟ್ಟುಕೊಂಡರೆ ಪ್ರಯೋಜನವಿಲ್ಲ. ಶಾಖೆ, ಊರು, ಹುಟ್ಟಿದ ವರ್ಷ ಮೂರನ್ನೂ ಬರೆದುಕೊಳ್ಳಲೇಬೇಕು.

ಗಂಡಸರಲ್ಲಿ ಒಬ್ಬನ ಬಗ್ಗೆ ಮಾತ್ರ ನಿಧಾನವಾಗಿ ಹೇಳುತ್ತೇನೆ. ಗೇರಾದ ಹೈನ್ರಿಖ್ ಪೋಸ್ಟುಮುಸ್. 1572ರ ಏಪ್ರಿಲ್‌ನಲ್ಲಿ ಅಪ್ಪ ತೀರಿಕೊಂಡ, ಜೂನ್‌ನಲ್ಲಿ ಇವನು ಹುಟ್ಟಿದ. ಅದಕ್ಕೇ ಆ ಅಡ್ಡಹೆಸರು. ಈತ 1608ರಲ್ಲಿ ಗೇರಾದಲ್ಲಿ ತೆರೆದ ಶಾಲೆ ಇವತ್ತಿಗೂ ಇದೆ. ಬದುಕಿದ್ದಾಗಲೇ ತನ್ನ ಶವಪೆಟ್ಟಿಗೆಯನ್ನು ಗುಟ್ಟಾಗಿ ತಾಮ್ರದಲ್ಲಿ ಮಾಡಿಸಿಟ್ಟಿದ್ದ. ಅದರ ಮೇಲೆ ತುಂಬ ತಾನೇ ಆರಿಸಿದ ಬೈಬಲ್ ವಚನಗಳು, ಭಕ್ತಿಗೀತೆಯ ಸಾಲುಗಳು. ತಾಯಿಯ ಹೊಟ್ಟೆಯಿಂದ ಬರಿಮೈಯಲ್ಲಿ ಬಂದೆ, ಬರಿಮೈಯಲ್ಲೇ ಹೋಗುತ್ತೇನೆ ಎನ್ನುವ ಯೋಬನ ಮಾತೂ ಅದರಲ್ಲಿತ್ತು. 1635ರ ಡಿಸೆಂಬರ್‌ನಲ್ಲಿ ಆತ ಸತ್ತ. ಮರುವರ್ಷ ಫೆಬ್ರವರಿಯಲ್ಲಿ ನಡೆದ ಅಂತ್ಯಕ್ರಿಯೆಗೆ ಸಂಗೀತ ರಚನೆಕಾರ ಹೈನ್ರಿಖ್ ಷುಟ್ಸ್ (ಈತ ರಾಯ್ಸ್ ಮನೆತನದವನಲ್ಲ) ಆ ಸಾಲುಗಳಿಗೇ ಸಂಗೀತ ಕಟ್ಟಿದ. ಷುಟ್ಸ್ ಹುಟ್ಟಿದ್ದೂ ಇವರ ಸೀಮೆಯ ಕ್ಯೋಸ್ಟ್ರಿಟ್ಸ್‌ನಲ್ಲೇ. ಮೂವತ್ತು ವರ್ಷಗಳ ಯುದ್ಧ ಇನ್ನೂ ನಡೀತಾ ಇದ್ದ ಕಾಲ ಅದು. ಒಂದು ಪೆಟ್ಟಿಗೆಯ ಮೇಲಿನ ಬರಹ ಜರ್ಮನ್ ಸಂಗೀತದ ದೊಡ್ಡ ಕೃತಿಗಳಲ್ಲಿ ಒಂದಾಗಿ ಉಳಿಯಿತು. ಈಗಲೂ ಹಾಡುತ್ತಾರೆ, ‘ಮುಸಿಕಾಲಿಶೆ ಎಕ್ಸೆಕ್ವಿಯೆನ್’ ಎಂದು ಹುಡುಕಿ ಕೇಳಿ.

ಇನ್ನು ನನಗೆ ಮುಖ್ಯ ಅನ್ನಿಸಿದ ಮಾತು. ಈ ಮನೆತನ ಅರ್ಥವಾಗಬೇಕಾದರೆ ಹೆಣ್ಣುಮಕ್ಕಳ ಕೈ ಹಿಡಿದು ಹೋಗಬೇಕು. ಒಬ್ಬೊಬ್ಬರಿಗೂ ಅವರದೇ ಹೆಸರಿದೆ, ಗುರುತು ತಪ್ಪುವುದಿಲ್ಲ. ಅಷ್ಟೇಕೆ, ರಾಯ್ಸ್ ಎನ್ನುವ ಮನೆತನದ ಹೆಸರೇ ಒಬ್ಬ ಹೆಂಗಸಿನಿಂದ ಬಂತು. 13ನೇ ಶತಮಾನದಲ್ಲಿ ಇದೇ ಮನೆತನದ ಪ್ಲೌಯೆನ್‌ನ ಒಬ್ಬ ಹೈನ್ರಿಖ್, ರುಥೇನಿಯಾದ (ಈಗಿನ ಉಕ್ರೇನಿನ ಕಡೆಯ ಸೀಮೆ) ರಾಜ ಡೇನಿಯಲ್‌ನ ಮೊಮ್ಮಗಳನ್ನು ಮದುವೆಯಾದ. ಆ ಸಂಬಂಧದಿಂದ ಅವನಿಗೆ ರುಥೇನಿಯಾದವನು ಎಂಬ ಅಡ್ಡಹೆಸರು ಅಂಟಿಕೊಂಡಿತು. ಮುಂದೆ ಅದೇ ರಾಯ್ಸ್ ಆಯಿತು.

ಎಬರ್ಸ್‌ಡಾರ್ಫ್‌ನ ಆಗುಸ್ಟಾ ರಾಯ್ಸ್ ಹುಟ್ಟಿದ್ದು 1757ರಲ್ಲಿ. ಸಾಕ್ಸ್-ಕೋಬುರ್ಗ್‌ನ ಫ್ರಾಂಟ್ಸ್‌ನನ್ನು ಮದುವೆಯಾದಳು. ಜರ್ಮನಿಯಲ್ಲಿ ಪೂರ್ವಿಕರ ಪಟ್ಟಿಗೆ ಒಂದು ಸುಲಭದ ಕ್ರಮವಿದೆ. ನೀವು 1. ಯಾರ ಸಂಖ್ಯೆಯನ್ನೇ ಆಗಲಿ ದುಪ್ಪಟ್ಟು ಮಾಡಿದರೆ ಅವರ ಅಪ್ಪ, ಅದಕ್ಕೆ ಒಂದು ಸೇರಿಸಿದರೆ ಅಮ್ಮ. ಹೀಗೆ ವಿಕ್ಟೋರಿಯಾ ರಾಣಿಯ ಪಟ್ಟಿ ಬರೆಯಿರಿ, 7ನೇ ಜಾಗದಲ್ಲಿ ಆಗುಸ್ಟಾ ಬರುತ್ತಾಳೆ, ಅಮ್ಮನ ಅಮ್ಮ. ರಾಣಿಯ ಗಂಡ ಆಲ್ಬರ್ಟ್‌ನ ಪಟ್ಟಿ ಬರೆಯಿರಿ, 5ನೇ ಜಾಗದಲ್ಲಿ ಅದೇ ಆಗುಸ್ಟಾ, ಅಪ್ಪನ ಅಮ್ಮ! ಬೆಲ್ಜಿಯಂನ ಮೊದಲ ರಾಜ ಲಿಯೋಪೋಲ್ಡ್‌ಗೆ ಇವಳೇ ತಾಯಿ. ಬೆಂಗಳೂರಿನ ಕಬ್ಬನ್ ಪಾರ್ಕ್ ಹತ್ತಿರ ನಿಂತಿರುವ ವಿಕ್ಟೋರಿಯಾ ಪ್ರತಿಮೆ ನೋಡಿದಾಗಲೆಲ್ಲ ನನಗೆ ಈ ಅಜ್ಜಿ ನೆನಪಾಗುತ್ತಾಳೆ.

ಗ್ರೈಟ್ಸ್‌ನ ಹರ್ಮಿನೆಯ ಕಥೆ ಬೇರೆ ಥರ. ಅವಳ ಅಪ್ಪ ಇಪ್ಪತ್ತೆರಡನೇ ಹೈನ್ರಿಖ್‌ಗೆ ಪ್ರಶ್ಯಾ ಕಂಡರೆ ಆಗುತ್ತಿರಲಿಲ್ಲ. ಅವನಿಗೆ ಒಬ್ಬ ಮಗ, ಐದು ಹೆಣ್ಣುಮಕ್ಕಳು. ಮಗನೇ ನಾನು ಮೇಲೆ ಹೇಳಿದ ಗ್ರೈಟ್ಸ್‌ನ ಇಪ್ಪತ್ನಾಲ್ಕನೆಯವನು. ದೈಹಿಕ, ಮಾನಸಿಕ ತೊಂದರೆಯಿಂದ ರಾಜ್ಯಭಾರ ಅವನಿಂದ ಆಗಲಿಲ್ಲ, ಕಿರಿಯ ಶಾಖೆಯವರೇ ನೋಡಿಕೊಂಡರು. 1918ರಲ್ಲಿ ರಾಜ್ಯವೂ ಹೋಯಿತು. ಹರ್ಮಿನೆ ಗಂಡನನ್ನು ಕಳೆದುಕೊಂಡಿದ್ದಳು. 1922ರಲ್ಲಿ ಅವಳ ಪುಟ್ಟ ಮಗ, ಹಾಲೆಂಡಿನಲ್ಲಿ ದೇಶಭ್ರಷ್ಟನಾಗಿದ್ದ, ಹಿಂದೆ ಜರ್ಮನಿಯ ಚಕ್ರವರ್ತಿಯೂ ಪ್ರಶ್ಯಾದ ರಾಜನೂ ಆಗಿದ್ದ ಕೈಸರ್ ಎರಡನೇ ವಿಲ್ಹೆಲ್ಮ್‌ಗೆ ಹುಟ್ಟುಹಬ್ಬದ ಶುಭಾಶಯ ಹೇಳಿ ಕಾಗದ ಬರೆದ. ಕೈಸರ್ ತಾಯಿ ಮಗ ಇಬ್ಬರನ್ನೂ ಕರೆಸಿಕೊಂಡ. ಅದೇ ನವೆಂಬರ್‌ನಲ್ಲಿ ಮದುವೆ. ಅವನಿಗೆ 63, ಅವಳಿಗೆ 34. ಅಪ್ಪ ಬದುಕಿದ್ದರೆ ಖಂಡಿತ ಒಪ್ಪುತ್ತಿರಲಿಲ್ಲ.

1927ರಲ್ಲಿ ಅವಳ ಅಣ್ಣ ಮಕ್ಕಳಿಲ್ಲದೆ ತೀರಿಕೊಂಡ. ನೂರರ ತನಕ ಎಣಿಸಬೇಕಿದ್ದ ಹಿರಿಯ ಶಾಖೆ ಇಪ್ಪತ್ನಾಲ್ಕಕ್ಕೆ ನಿಂತಿತು. ಇವತ್ತು ಇರುವ ಹೈನ್ರಿಖ್‌ಗಳೆಲ್ಲ ಕಿರಿಯ ಶಾಖೆಯ ಕ್ಯೋಸ್ಟ್ರಿಟ್ಸ್ ಕವಲಿನವರು.

ಮುಂದಿನ ಬರಹದಲ್ಲಿ ಎರ್ಡ್ಮೂಟೆ ಡೊರೊಥೆಯಾ ಬಗ್ಗೆ ಬರೆಯುತ್ತೇನೆ. 1722ರಲ್ಲಿ ಕೌಂಟ್ ಟ್ಸಿನ್ಸೆನ್‌ಡಾರ್ಫ್‌ನನ್ನು ಮದುವೆಯಾಗಿ ಹೋದ ರಾಯ್ಸ್ ಹುಡುಗಿ. ಗಂಡ ಧರ್ಮಪ್ರಚಾರಕ್ಕೆಂದು ಊರೂರು ತಿರುಗುತ್ತಿದ್ದಾಗ ಜಮೀನು, ಸಾಲ, ಲೆಕ್ಕಪತ್ರ ಎಲ್ಲ ನೋಡಿಕೊಂಡವಳು ಇವಳೇ.