ಹಂಪಿಗೆ ಶೀಟ್ ಫಿಲ್ಮ್ ಒಯ್ಯುವವರಿಗೆ

ಜನವರಿಯ ಬೆಳಗಿನ ಏಳು ಗಂಟೆ. ಮಾತಂಗ ಬೆಟ್ಟದ ಮೇಲೆ ನಿಂತಿದ್ದೆ. ಕೆಳಗೆ ಅಚ್ಯುತರಾಯ ದೇವಸ್ಥಾನ, ಅದರ ಮುಂದೆ ಉದ್ದಕ್ಕೆ ಹಾಳುಬಿದ್ದ ಬಜಾರು. ಗಾಳಿ ಜೋರಾಗಿತ್ತು. 4x5 ಇಂಚಿನ ಶೀಟ್ ಫಿಲ್ಮ್ (ರೋಲ್ ಅಲ್ಲದೆ ಒಂದೊಂದೇ ಹಾಳೆಯಾಗಿ ಬರುವ ಫಿಲ್ಮ್) ಹಾಕುವ ಕ್ಯಾಮೆರಾದ ಬೆಲ್ಲೋಸ್, ಅಂದರೆ ಲೆನ್ಸಿಗೂ ಫಿಲ್ಮಿಗೂ ನಡುವಿನ ಮಡಿಕೆ ಚೀಲ, ಗಾಳಿಪಟದ ಹಾಗೆ ಪಟಪಟ ಅನ್ನುತ್ತಿತ್ತು. ಹಂಪಿಗೆ ಯಾವ ಫಿಲ್ಮ್ ತರಬೇಕಿತ್ತು ಅಂತ ನನಗೆ ಗೊತ್ತಾಗಿದ್ದು ಆಗಲೇ.

ಶೀಟ್ ತುಂಬಿ ಕ್ಯಾಮೆರಾಗೆ ಸಿಕ್ಕಿಸುವ ಹೋಲ್ಡರಿನಲ್ಲಿ ಇದ್ದದ್ದು ಎಫ್‌ಪಿ4 ಪ್ಲಸ್. ಒಳ್ಳೆಯ ಫಿಲ್ಮ್, ಐಎಸ್‌ಒ (ಬೆಳಕಿಗೆ ಫಿಲ್ಮ್ ಎಷ್ಟು ಚುರುಕು ಅನ್ನುವ ಅಂಕಿ) 125. ಹತ್ತಿರದ ಬಂಡೆಯೂ ದೂರದ ಗೋಪುರವೂ ಚೂಪಾಗಿ ಬರಬೇಕಾದರೆ ಲೆನ್ಸಿನ ಕಿಂಡಿಯನ್ನು ಎಫ್ 22ಕ್ಕೆ ಕಿರಿದು ಮಾಡಲೇಬೇಕು. ಆ ಬೆಳಕಿಗೆ ಮೀಟರ್ ತೋರಿಸಿದ್ದು ಸೆಕೆಂಡಿನ ಐದನೇ ಒಂದು ಭಾಗ. ನಾಲ್ಕು ಶೀಟ್ ತೆಗೆದೆ, ಮೂರು ಅಲುಗಾಡಿದವು. ಐಎಸ್‌ಒ 400ರ ಎಚ್‌ಪಿ5 ಪ್ಲಸ್ ಇದ್ದಿದ್ದರೆ ಹದಿನೈದನೇ ಒಂದು ಭಾಗ ಸಾಕಾಗುತ್ತಿತ್ತು. ಎರಡು ಗಾಳಿಯ ನಡುವೆ ಸಿಗುವ ಬಿಡುವಿನಲ್ಲಿ ಅಷ್ಟು ಹೊತ್ತು ಕ್ಯಾಮೆರಾ ಅಲುಗದೆ ನಿಲ್ಲುತ್ತದೆ.

ಅದಕ್ಕೇ ಹೇಳುತ್ತೇನೆ, ಕಪ್ಪು-ಬಿಳುಪಿಗೆ ಎಚ್‌ಪಿ5 ಒಂದನ್ನೇ ಒಯ್ಯಿರಿ. ಗ್ರೇನ್ (ಚಿತ್ರದಲ್ಲಿ ಕಾಣುವ ಕಾಳುಕಾಳು) ಜಾಸ್ತಿ ಅಲ್ವಾ ಅಂತ ಕೇಳಬಹುದು. ಚಿಕ್ಕ ಫಿಲ್ಮಿಗೆ ಆ ಮಾತು ಸರಿ. ಇಲ್ಲಿ 16x20 ಇಂಚಿನ ಪ್ರಿಂಟ್ ಮಾಡಿದರೂ ನಾಲ್ಕೇ ಪಟ್ಟು ದೊಡ್ಡದಾಗುವುದು. ಗ್ರೇನ್ ಕಣ್ಣಿಗೆ ಬೀಳುವುದೇ ಇಲ್ಲ. ಮಧ್ಯಾಹ್ನದ ಬಿಸಿಲಿಗೆ ಬಂಡೆಗಳು ಬೆಳ್ಳಗೆ ಹೊಳೆಯುತ್ತವೆ, ಮಂಟಪದ ಒಳಗೆ ಕಗ್ಗತ್ತಲು. ಆಗ ಮೀಟರನ್ನು ಐಎಸ್‌ಒ 200ಕ್ಕೆ ಇಟ್ಟು, ಡೆವಲಪ್ ಮಾಡುವ ಹೊತ್ತನ್ನು ಸ್ವಲ್ಪ ಕಡಿಮೆ ಮಾಡಿ. ನೆರಳಿನಲ್ಲಿರುವ ಕೆತ್ತನೆಯೂ ಉಳಿಯುತ್ತದೆ.

ಮೊದಲ ಸಲ ನಾನು ಮೂರು ಬಗೆಯ ಫಿಲ್ಮ್ ಒಯ್ದಿದ್ದೆ. ಒಂದು ಹೋಲ್ಡರಿಗೆ ಎರಡು ಶೀಟ್, ಹತ್ತು ಹೋಲ್ಡರಿಗೆ ಇಪ್ಪತ್ತು. ಅಷ್ಟರಲ್ಲೇ ಮೂರು ಬಗೆ ಸೇರಿಕೊಂಡರೆ, ಬೇಕಾದ ಹೊತ್ತಿಗೆ ಬೇಕಾದ ಫಿಲ್ಮ್ ಕೈಗೆ ಸಿಗುವುದಿಲ್ಲ.

ನೆಲಮಟ್ಟಕ್ಕಿಂತ ಕೆಳಗಿರುವ ಪ್ರಸನ್ನ ವಿರೂಪಾಕ್ಷ ದೇವಸ್ಥಾನದಲ್ಲಿ ಇನ್ನೊಂದು ತಪ್ಪು ಮಾಡಿದೆ. ಒಳಗೆ ಬೆಳಕು ತೀರಾ ಕಡಿಮೆ. ಮೀಟರ್ ಹತ್ತು ಸೆಕೆಂಡ್ ಅಂದಿತು, ಹತ್ತೇ ಕೊಟ್ಟೆ. ಎಕ್ಸ್‌ಪೋಷರ್, ಅಂದರೆ ಫಿಲ್ಮಿನ ಮೇಲೆ ಬೆಳಕು ಬೀಳುವ ಹೊತ್ತು, ಉದ್ದವಾದಷ್ಟೂ ಫಿಲ್ಮ್ ಬೆಳಕಿಗೆ ಮಂದವಾಗುತ್ತದೆ. ಎಷ್ಟು ಮಂದ ಅನ್ನುವುದು ಒಂದೊಂದು ಫಿಲ್ಮಿಗೆ ಒಂದೊಂದು ಥರ. ಮೀಟರ್ ಹತ್ತು ಸೆಕೆಂಡ್ ತೋರಿಸಿದರೆ ಟಿ-ಮ್ಯಾಕ್ಸ್ 100ಕ್ಕೆ ಹದಿನೈದು ಸಾಕು. ಎಫ್‌ಪಿ4ಗೆ ಸುಮಾರು ಹದಿನೆಂಟು, ಎಚ್‌ಪಿ5ಗೆ ಇಪ್ಪತ್ತು. ಫೋಮಾಪ್ಯಾನ್ 100ಕ್ಕೆ ಎಂಬತ್ತು! ನನ್ನ ಹೋಲ್ಡರಿನಲ್ಲಿ ಇದ್ದದ್ದು ಅದೇ. ತಯಾರಕರ ಮಾಹಿತಿ ಹಾಳೆಯಲ್ಲಿ ಇದು ಸ್ಪಷ್ಟವಾಗಿ ಬರೆದಿದೆ, ನಾನು ಓದಿರಲಿಲ್ಲ. ನೆಗೆಟಿವ್ ಗಾಜಿನ ಹಾಗೆ ಬೋಳಾಗಿ ಬಂತು. ಈಗ ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಮೀಟರಿನ ಹಿಂದೆ ಅಂಟಿಸಿಕೊಂಡಿದ್ದೇನೆ.

ಬಣ್ಣಕ್ಕೆ ಪೋರ್ಟ್ರಾ 160 ಒಂದು ಡಬ್ಬಿ, ಅಂದರೆ ಹತ್ತು ಶೀಟ್ ಸಾಕು. ಸ್ಲೈಡ್ ಫಿಲ್ಮ್ ಬೇಡ. ಅದರಲ್ಲಿ ಎಕ್ಸ್‌ಪೋಷರ್ ಅರ್ಧ ಸ್ಟಾಪ್ (ಬೆಳಕು ಎರಡು ಪಟ್ಟಾದರೆ ಒಂದು ಸ್ಟಾಪ್) ಹೆಚ್ಚಾದರೂ ಬಿಸಿಲಿನ ಬಂಡೆ ಬಿಳಿಚಿಕೊಳ್ಳುತ್ತದೆ.

ಹಂಪಿಗೂ ದೊಡ್ಡ ಕ್ಯಾಮೆರಾಗೂ ನಂಟು ಹಳೆಯದು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಇಲ್ಲಿ ಫೋಟೋ ತೆಗೆದದ್ದು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ. ಆಗಲೇ ಗಾಜಿನ ತಟ್ಟೆ ಬಂದಿತ್ತು. ಆದರೆ ಅದಕ್ಕೆ ಅಲ್ಲೇ ರಾಸಾಯನಿಕ ಬಳಿದು, ಒಣಗುವ ಮುಂಚೆ ಅಲ್ಲೇ ಡೆವಲಪ್ ಮಾಡಬೇಕಿತ್ತು. ಮೇಣದ ಕಾಗದವನ್ನಾದರೆ ಕೆಲವು ದಿನ ಮೊದಲೇ ಸಿದ್ಧ ಮಾಡಿಟ್ಟುಕೊಂಡು ಹೊರಡಬಹುದಿತ್ತು. ಹಂಪಿಯ ಬಿಸಿಲಿಗೆ ಅದೆಷ್ಟು ಅನುಕೂಲ, ಯೋಚಿಸಿ. ವಿರೂಪಾಕ್ಷ ದೇವಸ್ಥಾನದ ಒಳಗೆ ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವ ಗೋಪುರದ ನೆರಳನ್ನು ನೋಡದೆ ಬರಬೇಡಿ. ಸಣ್ಣ ಕಿಂಡಿಯಿಂದ ಬಂದ ಬೆಳಕಿನ ಕೆಲಸ ಅದು. ನಮ್ಮ ಕ್ಯಾಮೆರಾದ ಹಿಂದಿನ ಮಸುಕು ಗಾಜಿನಲ್ಲಿ (ಗ್ರೌಂಡ್ ಗ್ಲಾಸ್) ಕಾಣುವುದೂ ಹಾಗೇ ಅಲ್ವಾ? ನಾನು ಅದರ ಮುಂದೆ ಅರ್ಧ ಗಂಟೆ ಸುಮ್ನೆ ನಿಂತಿದ್ದೆ.

ಬೆಂಗಳೂರಿನಿಂದ ಹೊಸಪೇಟೆಗೆ ರಾತ್ರಿ ರೈಲಿನಲ್ಲಿ ಹೋಗುವುದು ಒಳ್ಳೆಯದು. ರೈಲು ನಿಲ್ದಾಣಕ್ಕೆ ಆಟೋದಲ್ಲಿ ಹೋಗಿ, ಮೆಟ್ರೋದಲ್ಲಿ ಬ್ಯಾಗು ಸ್ಕ್ಯಾನರಿಗೆ ಹಾಕಲೇಬೇಕಾಗುತ್ತದೆ. ವಿಮಾನದಲ್ಲಿ ಬರುವವರು ಫಿಲ್ಮನ್ನು ಲಗೇಜಿಗೆ ಹಾಕಲೇಬಾರದು. ಕೈಯಲ್ಲೇ ಇಟ್ಟುಕೊಂಡು, ಕೈಯಿಂದ ಪರೀಕ್ಷಿಸಿ ಅಂತ ಕೇಳಿಕೊಳ್ಳಿ. ವಿಮಾನ ನಿಲ್ದಾಣದ ಹೊಸ ಸಿ.ಟಿ. (ಎಕ್ಸ್-ರೇ) ಸ್ಕ್ಯಾನರುಗಳಲ್ಲಿ ಒಂದೇ ಸಲ ಹೋದರೂ ಫಿಲ್ಮ್ ಮಸುಕಾಗಬಹುದು.

ಫಿಲ್ಮ್ ತುಂಬುವ ಕೆಲಸ ರಾತ್ರಿಗೆ ಇಟ್ಟುಕೊಳ್ಳಿ. ಹಗಲಲ್ಲಿ ಬೆಳಕು ಹೋಗದ ಚೇಂಜಿಂಗ್ ಬ್ಯಾಗಿನೊಳಗೆ ಐದೇ ನಿಮಿಷಕ್ಕೆ ಕೈ ಬೆವರುತ್ತದೆ. ಬೆವರಿದ ಬೆರಳು ತಗುಲಿದರೆ ಆಕಾಶದ ನಡುವೆ ಹೆಬ್ಬೆಟ್ಟಿನ ಗುರುತು. ನಾನು ಲಾಡ್ಜಿನ ಬಚ್ಚಲುಮನೆಯಲ್ಲಿ ಬಾಗಿಲ ಸಂದಿಗೆ ಟವೆಲ್ ತುರುಕಿ, ದೀಪ ಆರಿಸಿ, ಹತ್ತು ನಿಮಿಷ ಕತ್ತಲಲ್ಲಿ ಕೂರುತ್ತೇನೆ. ಎಲ್ಲಾದರೂ ಬೆಳಕು ನುಸುಳುತ್ತಿದ್ದರೆ ಅಷ್ಟರಲ್ಲಿ ಕಾಣುತ್ತದೆ. ಶೀಟನ್ನು ನೆಟ್ಟಗೆ ಹಿಡಿದಾಗ ಅದರ ಅಂಚಿನ ಕಚ್ಚು ಮೇಲಿನ ಬಲ ಮೂಲೆಯಲ್ಲಿ ಬೆರಳಿಗೆ ಸಿಕ್ಕರೆ ಎಮಲ್ಷನ್ (ಬೆಳಕು ಹಿಡಿಯುವ ಲೇಪ) ನಿಮ್ಮ ಕಡೆಗಿದೆ ಅಂತ ಅರ್ಥ. ಹೋಲ್ಡರಿನ ಜಾರುಮುಚ್ಚಳದ (ಡಾರ್ಕ್ ಸ್ಲೈಡ್) ಬಿಳಿ ಅಂಚು ಹೊರಗಿದ್ದರೆ ಹೊಸ ಶೀಟ್, ಕಪ್ಪು ಅಂಚಿದ್ದರೆ ತೆಗೆದಾಗಿದೆ. ತೆಗೆದ ಶೀಟ್‌ಗಳಿಗೆ ಒಂದು ಖಾಲಿ ಡಬ್ಬಿ ಮರೆಯಬೇಡಿ.

ಇನ್ನೊಂದು ಮುಖ್ಯ ವಿಷಯ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಮೊದಲೇ ಅನುಮತಿ ಬೇಕು. ಅದಿಲ್ಲದೆ ಈ ಕ್ಯಾಮೆರಾ ಹೊತ್ತು ಹೋಗಿ ಉಪಯೋಗವಿಲ್ಲ. ಅನುಮತಿ ಪತ್ರದ ಎರಡು ಪ್ರತಿ ಇಟ್ಟುಕೊಳ್ಳಿ.

ದಿನಕ್ಕೆ ಇಪ್ಪತ್ತು ಶೀಟ್ ಅಂತ ಲೆಕ್ಕ ಹಾಕಿದರೂ ಹದಿನೆಂಟಕ್ಕೆ ನಿಲ್ಲಿಸಿ. ಕೊನೆಯ ಒಂದು ಹೋಲ್ಡರನ್ನು ಸಂಜೆಗೆ ಉಳಿಸಿಕೊಂಡು ಐದು ಗಂಟೆಗೆ ಹೇಮಕೂಟ ಹತ್ತಿ. ಪೋರ್ಟ್ರಾ ಇರಬೇಕಾದದ್ದು ಆ ಹೋಲ್ಡರಿನಲ್ಲಿ.